ಅಮ್ಮನ ನಾಲಿಗೆ

ಆರು ವರ್ಷದಿಂದ ಆ ಮನೆಯಲ್ಲಿ ಇಬ್ಬರ ಮಾತನ್ನೂ ಒಬ್ಬಳೇ ಆಡುತ್ತಿದ್ದಳು. ತಾಯಿಗೆ ಎಪ್ಪತ್ತೆರಡು ತುಂಬಿದ ವರ್ಷ ಸ್ಟ್ರೋಕ್ ಹೊಡೆದು ಬಲಗೈ, ಬಲಗಾಲು ಸೋತವು. ಕಾಲು ಕೋಲಿನ ಆಸರೆಯಲ್ಲಿ ಒಂದಿಷ್ಟು ಸುಧಾರಿಸಿತು. ಮಾತು ಮಾತ್ರ ಹೋದದ್ದು ಹೋಗಿಯೇಬಿಟ್ಟಿತು. 'ಆ', 'ಹೂಂ', ಸಿಟ್ಟು ಬಂದರೆ 'ತತ್ತತ್ತಾ'. ಉಳಿದದ್ದು ಇಷ್ಟೇ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ದೊಡ್ಡ ಡಾಕ್ಟರು ತಾಯಿಯ ಕಡೆ ತಿರುಗಿಯೂ ನೋಡದೆ ಮಗಳಿಗೆ ಹೇಳಿದ್ದರು: "ಅವರಿಗೆ ಎಲ್ಲಾ ಅರ್ಥ ಆಗುತ್ತೆ, ತಲೆ ಸರಿಯಾಗೇ ಇದೆ. ಆದ್ರೆ ಈ ವಯಸ್ಸಲ್ಲಿ ಮಾತು ವಾಪಸ್ ಬರೋದನ್ನ ಮರೆತುಬಿಡಿ. ಚೆನ್ನಾಗಿ ನೋಡ್ಕೊಳ್ಳಿ, ಅಷ್ಟೇ."

ಮಗಳು ಚೆನ್ನಾಗಿಯೇ ನೋಡಿಕೊಂಡಳು. ಬಟ್ಟೆ ಕಾರ್ಖಾನೆಯಲ್ಲಿ ಕಟಿಂಗ್ ವಿಭಾಗಕ್ಕೆ ಮುಖ್ಯಸ್ಥೆಯಾಗಿದ್ದವಳು ಆ ಕೆಲಸ ಬಿಟ್ಟು, ಹೊಲಿಗೆ ಮಿಷನ್ನನ್ನು ಮನೆಯ ಕಿಟಕಿ ಪಕ್ಕ ಹಾಕಿಕೊಂಡು, ಪ್ಯಾಂಟಿನ ಅಂಚು ಮಡಿಚುವುದು, ಹೋದ ಜಿಪ್ಪು ಬದಲಿಸುವುದು, ಇಂಥ ಕೆಲಸಕ್ಕೆ ಇಳಿದಳು. ಮದುವೆಯ ಮಾತು ಎಂದೋ ಮುಗಿದಿತ್ತು. ಈಗ ಅವಳಿಗೆ ಐವತ್ತಮೂರು. ತಾಯಿಯ ಒಂದೊಂದು 'ಹೂಂ'ಗೂ ಒಂದೊಂದು ಅರ್ಥವನ್ನು ಅವಳು ಕಲಿತುಕೊಂಡಳು. ಗಿಡ್ಡ 'ಹೂಂ' ಅಂದರೆ ನೀರು. ಎಳೆದ 'ಹೂಂ' ಅಂದರೆ ಕಿಟಕಿ ತೆಗಿ. ಎಡಗೈ ಬೆರಳು ಮಂಚಕ್ಕೆ ಬಡಿದರೆ ಬಾತ್‌ರೂಮು. ಮನೆಗೆ ಯಾರೇ ಬಂದರೂ ತಾಯಿ ಒಂದು ಸದ್ದು ಮಾಡುವುದೇ ತಡ, ಮಗಳು ಅದನ್ನು ಮಾತು ಮಾಡಿ ಬಡಿಸುತ್ತಿದ್ದಳು. "ನೀವು ಇಳಿದುಹೋಗಿದ್ದೀರಿ ಅಂತಿದ್ದಾರೆ." "ನಿಮ್ಮ ಸೊಸೆ ಹೇಗಿದ್ದಾಳೆ ಅಂತ ಕೇಳ್ತಿದ್ದಾರೆ." ಬಂದವರು ಬೆರಗಾಗಿ, "ನೀನಿಲ್ಲದಿದ್ರೆ ಇವರ ಗತಿ ಏನಮ್ಮಾ! ನೀನೇ ಅವರ ನಾಲಿಗೆ," ಅನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಮಗಳ ಬೆನ್ನು ನೆಟ್ಟಗಾಗುತ್ತಿತ್ತು. ಅವಳಿಗೆ ಬದುಕಿನಲ್ಲಿ ಯಾರಿಂದಲಾದರೂ ಸಿಕ್ಕ ಹೊಗಳಿಕೆ ಅದೊಂದೇ ಇರಬೇಕು.

ಹೀಗಿರುವಾಗ ಬಿಪಿ ನೋಡಲು ಬಂದ ಆರೋಗ್ಯ ಕಚೇರಿಯ ನರ್ಸು, "ಇವರಿಗೆ ಮಾತು ಕಲಿಸೋಕೆ ಯಾರೂ ಬರಲೇ ಇಲ್ವಾ?" ಎಂದು ಹುಬ್ಬೇರಿಸಿ, ಏನೋ ಬರೆದುಕೊಂಡು ಹೋದಳು. ಮೂರು ವಾರದ ಮೇಲೆ ಒಂದು ಮಂಗಳವಾರ ಬಾಗಿಲು ತಟ್ಟಿದ ಹೆಂಗಸೇ ಮಾತಿನ ಟೀಚರ್.

ಮೂವತ್ತೈದರ ಆಸುಪಾಸು. ದಪ್ಪ ಚೀಲ, ನಡೆದರೆ ಕಿರುಗುಡುವ ಶೂ, ಬಾಯಿ ತುಂಬ ನಗು. ಅವಳು ಸೀದಾ ತಾಯಿಯ ಎದುರು ಕುರ್ಚಿ ಎಳೆದುಕೊಂಡು ಕೂತು, "ನಮಸ್ಕಾರ ಅಮ್ಮ, ಹೇಗಿದ್ದೀರಾ?" ಅಂದಳು.

"ಚೆನ್ನಾಗಿದ್ದಾರೆ," ಅಂದಳು ಮಗಳು. "ರಾತ್ರಿ ನಿದ್ದೆ ಸ್ವಲ್ಪ ಕಮ್ಮಿ."

"ಅಮ್ಮನ್ನ ಕೇಳಿದೆ," ಅಂದಳು ಟೀಚರ್, ನಗುನಗುತ್ತಲೇ.

ಮಗಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅಡುಗೆಮನೆಗೆ ಹೋಗಿ ತೊಳೆದಿಟ್ಟ ಲೋಟಗಳನ್ನೇ ಇನ್ನೊಮ್ಮೆ ತೊಳೆದಳು. ಅಂದೇ ಟೀಚರಿಗೆ 'ಕಿಲಕಿಲ' ಎಂದು ಮನಸ್ಸಿನಲ್ಲೇ ಹೆಸರಿಟ್ಟಳು.

ಮೊದಲೆರಡು ಪಾಠ ಚಿತ್ರ ತೋರಿಸುವುದರಲ್ಲಿ, ತುಟಿ ಆಡಿಸುವುದರಲ್ಲಿ ಹೋಯಿತು. ತಾಯಿಯ ಬಾಯಿಂದ 'ತತ್ತತ್ತಾ' ಬಿಟ್ಟು ಬೇರೇನೂ ಬರಲಿಲ್ಲ. ಮಗಳಿಗೆ ಒಳಗೊಳಗೇ ಸಮಾಧಾನ. ಪಾಪ, ಇವಳಿಂದೇನಾಗುತ್ತೆ ಅಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು.

ಮೂರನೇ ಮಂಗಳವಾರ ಟೀಚರ್ ಕೇಳಿದಳು, "ಅಮ್ಮ ಮೊದಲು ಏನು ಕೆಲಸ ಮಾಡ್ತಿದ್ರು?"

"ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಆಪರೇಟರ್. ಮೂವತ್ತೊಂದು ವರ್ಷ," ಅಂದಳು ಮಗಳು.

ಟೀಚರ್ ತನ್ನ ಮೊಬೈಲನ್ನು ತಾಯಿಯ ಎಡಗೈಗೆ ಕೊಟ್ಟು, ಕಿವಿಗೆ ಹಿಡಿಸಿ, ತಾನು ಬಾಗಿಲ ಹೊರಗೆ ಹೋಗಿ ನಿಂತು, ಗಂಟೆಯ ಹಾಗೆ "ಟ್ರಿಣ್ ಟ್ರಿಣ್" ಅಂದಳು.

ತಾಯಿಯ ಬೆನ್ನು ನೆಟ್ಟಗಾಯಿತು. ಗದ್ದ ಒಂದಿಷ್ಟು ಮೇಲೆದ್ದಿತು. "ಹಲೋ," ಅಂದರು ತಾಯಿ. "ಯಾವ ನಂಬರ್ ಬೇಕು?"

ಮುಕ್ಕಿಲ್ಲದ, ತೊದಲಿಲ್ಲದ ಪೂರ್ತಿ ಮಾತು. ಮಗಳ ಕೈಯಲ್ಲಿದ್ದ ಕತ್ತರಿ ಜಾರಿ ನೆಲಕ್ಕೆ ಬಿತ್ತು. ಟೀಚರ್ ಒಳಗೆ ಓಡಿಬಂದು ತಾಯಿಯ ಎರಡೂ ಕೈ ಹಿಡಿದುಕೊಂಡಳು. ಇಬ್ಬರೂ ನಗುತ್ತಿದ್ದರು, ತಾಯಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಮಗಳೂ ನಕ್ಕಳು, ನಗಲೇಬೇಕಲ್ಲ. ಆದರೆ ಹೊಟ್ಟೆಯೊಳಗೆ ಯಾರೋ ಕೆಂಡ ಸುರಿದ ಹಾಗಿತ್ತು.

ಆರು ವರ್ಷ! ಆ ಆರು ವರ್ಷದಲ್ಲಿ ಅವಳು ಎಷ್ಟು ಸಲ ಕನಸು ಕಂಡಿರಲಿಲ್ಲ: ಒಂದು ಬೆಳಿಗ್ಗೆ ತಾಯಿ ಕಣ್ಣು ಬಿಟ್ಟು, ಹಿಂದಿನ ಹಾಗೆ 'ಪುಟ್ಟೀ' ಎಂದು ಕರೆದಂತೆ. ಬಂದ ಮೊದಲ ಮಾತು ನೋಡಿದರೆ ಬಾಗಿಲ ಹೊರಗೆ ನಿಂತ ಯಾವಳಿಗೋ. ಅದೂ ಮೂರನೇ ದಿನಕ್ಕೆ. ತನಗೆ ಯಾಕೆ ಹೊಳೆಯಲಿಲ್ಲ? ತಾಯಿಯ ಕಿವಿಗೆ ಒಂದು ಫೋನು ಹಿಡಿಯುವುದಕ್ಕೆ ಏನು ಓದಬೇಕಿತ್ತು?

ಅಲ್ಲಿಂದ ಮುಂದೆ ಮಾತು ತೊಟ್ಟುತೊಟ್ಟಾಗಿ ಬಂತು. 'ಬಿಸಿ.' 'ಬೇಡ.' 'ನಾಳೆ.' ಒಂದು ಮಾತಿಗೆ ಕೆಲವೊಮ್ಮೆ ಎರಡು ನಿಮಿಷ. ಟೀಚರ್ ಹೇಳುತ್ತಿದ್ದಳು, "ಅವರು ಹುಡುಕ್ತಿರುವಾಗ ನೀವು ಹೇಳಿಕೊಡಬೇಡಿ. ನಾಲಿಗೆ ತುದೀಲಿರುತ್ತೆ, ಕಾಯಿರಿ." ಮಗಳಿಗೆ ಕಾಯಲಾಗುತ್ತಿರಲಿಲ್ಲ. ತಾಯಿ 'ಚ... ಚ...' ಅನ್ನುವಷ್ಟರಲ್ಲಿ "ಚಮಚಾನಾ?" ಅಂದುಬಿಡುತ್ತಿದ್ದಳು. ತಾಯಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಪಾಠದ ಹೊತ್ತಿನಲ್ಲಿ ಟೀಚರ್ ಕೋಣೆಯ ಬಾಗಿಲನ್ನು ಮುಂದೆ ಮಾಡತೊಡಗಿದಳು. ಒಳಗಿಂದ ನಗು ಕೇಳುತ್ತಿತ್ತು. ಮಗಳು ಮಿಷನ್ನಿನ ಪೆಡಲನ್ನು ಜೋರಾಗಿ ತುಳಿಯುತ್ತಿದ್ದಳು. ಒಂದು ಸಲ ಯಾರದೋ ಪ್ಯಾಂಟಿನ ಎರಡೂ ಕಾಲನ್ನು ಸೇರಿಸಿ ಹೊಲಿದುಬಿಟ್ಟಳು.

ಮಂಗಳವಾರ ಬಂತೆಂದರೆ ತಾಯಿ ಬೆಳಿಗ್ಗೆಯೇ ಒಳ್ಳೆಯ ಸೀರೆಗೆ ಬೆರಳು ತೋರಿಸುತ್ತಿದ್ದರು. "ನಾನಿರೋ ಆರು ದಿನಕ್ಕೆ ಹಳೇ ಸೀರೆ ಸಾಕು, ಅವಳಿಗೆ ಹೊಸದು," ಎಂದು ಮಗಳು ಪಿನ್ನು ಚುಚ್ಚುತ್ತಾ ಗೊಣಗಿದಳು. ತಾಯಿ ಕೇಳಿಸದ ಹಾಗೆ ಕನ್ನಡಿ ನೋಡಿಕೊಂಡರು.

ಎಪ್ಪತ್ತೈದು ದಾಟಿದವರಿಗೆ ಎಂಟು ಪಾಠ ಮಾತ್ರ ಎಂಬುದು ಕಚೇರಿಯ ನಿಯಮ. ಅದರ ಮೇಲೆ ಬೇಕಾದರೆ ಪರಿಶೀಲನೆಗೆ ಒಬ್ಬ ಅಧಿಕಾರಿ ಬಂದು, ಪ್ರಯೋಜನವಾಗಿದೆ ಎಂದು ಬರೆಯಬೇಕು. ಎಂಟನೇ ಪಾಠ ಮುಗಿದ ವಾರದ ಶುಕ್ರವಾರ ಆತ ಬಂದ. ಕುತ್ತಿಗೆಗೆ ಗುರುತಿನ ಚೀಟಿ, ಕೈಯಲ್ಲಿ ನಾಲ್ಕು ಹಾಳೆಯ ಫಾರಂ. ಇನ್ನೂ ಐದು ಮನೆ ಬಾಕಿ ಇದೆ ಅಂತ ಬಾಗಿಲಲ್ಲೇ ಹೇಳಿದ. ತಾಯಿ ಹೊಸ ಸೀರೆಯುಟ್ಟು ಕುರ್ಚಿಯಲ್ಲಿ ಕೂತಿದ್ದರು. ಆದರೆ ಅಪರಿಚಿತ ಗಂಡಸು ಎದುರು ಕೂತು ಪೆನ್ನು ತೆಗೆದಾಗ ಅವರ ಬಾಯಿ ಕಟ್ಟಿತು.

"ಅಜ್ಜಿ, ನಿಮ್ಮ ಹೆಸರು ಹೇಳಿ," ಅಂದ ಆತ. ಮೂರು ಎಣಿಸುವಷ್ಟು ಕಾದು, ಮಗಳ ಕಡೆ ತಿರುಗಿದ. "ನೀವೇ ಹೇಳಿ ಮೇಡಂ. ಮಾತಲ್ಲಿ ಏನಾದ್ರೂ ಸುಧಾರಣೆ ಆಗಿದೆಯಾ?"

ಮಗಳು ಮೊದಲೇ ಏನೂ ಯೋಚಿಸಿಟ್ಟುಕೊಂಡಿರಲಿಲ್ಲ. ಆ ಗಳಿಗೆಯಲ್ಲಿ ಮುಚ್ಚಿದ ಬಾಗಿಲು, ಒಳಗಿನ ನಗು ಅವಳ ಕಣ್ಣಮುಂದೆ ಬಂದವು. ಅವಳ ಬಾಯಿ ತಾನಾಗಿ ಹೇಳಿತು: "ಅಂಥದ್ದೇನೂ ಇಲ್ಲ ಸಾರ್. ಎಲ್ಲಾ ಮೊದಲಿನ ಹಾಗೇ ಇದೆ. ಪಾಠ ಆದ ಮೇಲೆ ಇವರಿಗೆ ಆಯಾಸ ಜಾಸ್ತಿ."

ತಾಯಿಯ ಕತ್ತು ಗಕ್ಕನೆ ತಿರುಗಿತು. "ಸು..." ಅಂದರು. ತುಟಿ ನಡುಗಿತು. "ಸು... ಸು..."

"ಏನಂತಾರೆ?" ಎಂದು ಕೇಳಿದ ಆತ.

ತಾಯಿ ಏನು ಹೇಳಹೊರಟಿದ್ದಾರೆಂದು ಮಗಳಿಗೆ ಚೆನ್ನಾಗಿ ಗೊತ್ತಿತ್ತು. 'ಸುಳ್ಳು.' ಆ ಮಾತನ್ನು ತಾಯಿ ಹೋದ ವಾರವಷ್ಟೇ ಕಲಿತಿದ್ದರು.

"ಸುಸ್ತು ಅಂತಿದ್ದಾರೆ," ಅಂದಳು ಮಗಳು.

ಆತ ಬರೆದುಕೊಂಡು ಎದ್ದ.

ಹತ್ತು ದಿನಕ್ಕೆ ಕಾಗದ ಬಂತು: ಪ್ರಯೋಜನ ಕಂಡುಬಂದಿಲ್ಲವಾದ್ದರಿಂದ ಸೇವೆ ನಿಲ್ಲಿಸಲಾಗಿದೆ. ಟೀಚರ್ ತನ್ನ ಚಿತ್ರದ ಕಾರ್ಡುಗಳನ್ನು ತೆಗೆದುಕೊಂಡು ಹೋಗಲು ಬಂದವಳು ಕಾಗದವನ್ನು ಎರಡೆರಡು ಸಲ ಓದಿದಳು. "ಇದು ಹೇಗಾಯ್ತು? ಮಾತು ಬರ್ತಿದೆ ಅಂತ ನಾನು ಬರೆದು ಕೊಟ್ಟಿದ್ದೆನಲ್ಲ!" ಮಗಳು ದಾರ ಪೋಣಿಸುತ್ತಾ ತಲೆ ಎತ್ತಲಿಲ್ಲ. ತಾಯಿ ಗೋಡೆಗೆ ಮುಖ ಮಾಡಿ ಮಲಗಿದ್ದರು, ಟೀಚರ್ ಕರೆದರೂ ತಿರುಗಲಿಲ್ಲ.

ಮನೆ ಮತ್ತೆ ತನ್ನದಾಯಿತು ಅಂದುಕೊಂಡಳು ಮಗಳು. ಆಗಲಿಲ್ಲ. ತಾಯಿ ಇದ್ದಬದ್ದ ಸದ್ದನ್ನೂ ನಿಲ್ಲಿಸಿಬಿಟ್ಟರು. ಗಿಡ್ಡ 'ಹೂಂ' ಇಲ್ಲ, ಎಳೆದ 'ಹೂಂ' ಇಲ್ಲ. ಬೆರಳು ಬಡಿಯುವ ಬದಲು ಕೋಲೂರಿಕೊಂಡು ಗೋಡೆ ಹಿಡಿದು ತಾವೇ ಬಾತ್‌ರೂಮಿಗೆ ಹೋಗತೊಡಗಿದರು. ಮಗಳು ಕೊರಳು ಬಾಗಿಸಿ, "ನೀರಾ? ಕಿಟಕೀನಾ? ಕಾಲು ಒತ್ತಲಾ?" ಎಂದು ಹತ್ತು ಪ್ರಶ್ನೆ ಹಾಕುತ್ತಿದ್ದಳು. ಸರಿಯಾದದ್ದನ್ನು ಕೇಳಿದರೂ ತಾಯಿ ತಲೆ ಆಡಿಸುತ್ತಿರಲಿಲ್ಲ. ಪಕ್ಕದ ಮನೆಯಾಕೆ ಬಂದಾಗ ಮಗಳು ರೂಢಿಯಂತೆ, "ಹೇಗಿದ್ದೀರಿ ಅಂತಿದ್ದಾರೆ," ಅಂದಳು. "ಎಲ್ಲಿ? ತುಟಿ ಪಿಟಕ್ ಅನ್ನಲಿಲ್ಲವಲ್ಲ ಅವರು," ಅಂದಳು ಪಕ್ಕದ ಮನೆಯಾಕೆ. ಮಗಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಎರಡನೇ ವಾರ ತಾಯಿ ತಟ್ಟೆ ದೂಡತೊಡಗಿದರು. ಹಟ ಅಂದುಕೊಂಡಳು ಮಗಳು. ಎರಡು ದಿನ ಕಳೆದ ಮೇಲೆ ಮೈ ಬಿಸಿಯಾಯಿತು. ಕ್ಲಿನಿಕ್ಕಿಗೆ ಕರೆದೊಯ್ದಳು. ಡಾಕ್ಟರು ತಾಯಿಯ ತಲೆಯ ಮೇಲಿಂದ ಮಗಳನ್ನು ಕೇಳಿದರು: "ಏನಂತೆ ಅಜ್ಜಿಗೆ?"

"ಹೊಟ್ಟೆದೇ ಇರ್ಬೇಕು ಡಾಕ್ಟ್ರೇ, ಎರಡು ದಿನದಿಂದ ಊಟ..."

ಅವಳ ಮಾತು ಅಲ್ಲಿಗೇ ನಿಂತಿತು. ತಾಯಿ ಎಡಗೈ ಎತ್ತಿ ಅವಳ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿದ್ದರು. ಎಪ್ಪತ್ತೆಂಟರ ಆ ಕೈಯಲ್ಲಿ ಎಷ್ಟು ಶಕ್ತಿ! ಮಗಳ ಹಲ್ಲಿಗೆ ತುಟಿ ಒತ್ತಿ ನೋಯಿತು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಹ..." ಅಂದರು ತಾಯಿ. ಹಣೆಯಲ್ಲಿ ಬೆವರು ಮೂಡಿತು. "ಹ... ಹಲ್ಲು."

ದವಡೆಯ ಹಿಂದಿನ ಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು. "ಇನ್ನೆರಡು ದಿನ ಬಿಟ್ಟಿದ್ರೆ ಕಷ್ಟ ಆಗ್ತಿತ್ತು. ಹೊಟ್ಟೆಗೆ ಔಷಧಿ ಬರೀತಿದ್ದೆ ನಾನು," ಅಂದರು ಡಾಕ್ಟರು. ಈ ಸಲ ತಾಯಿಯ ಮುಖ ನೋಡಿಕೊಂಡೇ ಹೇಳಿದರು.

ಅದರ ಮಾರನೆಯ ದಿನ ಪಕ್ಕದ ಮನೆಯಾಕೆಯನ್ನು ತಾಯಿಯ ಹತ್ತಿರ ಕೂರಿಸಿ, ಮಗಳು ಆರೋಗ್ಯ ಕಚೇರಿಗೆ ಹೋದಳು. ಟೀಚರ್ ಕಾರಿಡಾರಿನ ಕೊನೆಯ ಕೋಣೆಯಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದಳು. ಮಗಳು ನಿಂತಲ್ಲೇ ಹೇಳಿದಳು: "ಆ ಮನುಷ್ಯನಿಗೆ ನಾನೇ ಸುಳ್ಳು ಹೇಳಿದ್ದು. ಅಮ್ಮನಿಗೆ ಮಾತು ಬಂದಿತ್ತು. ಇಲ್ಲ ಅಂದೆ."

"ಯಾಕೆ?"

"ನೀವು ಬಂದ್ರೆ ಅವರು ನಗ್ತಿದ್ರು."

ಟೀಚರ್ ಬುತ್ತಿಯ ಮುಚ್ಚಳ ಹಾಕಿದಳು. ಅವಳ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. "ನನ್ನ ಮೇಲೆ ಸಿಟ್ಟಿದ್ರೆ ನನ್ನನ್ನ ಬೈಬೇಕಿತ್ತು. ಬೇರೆಯವರನ್ನ ಕಳಿಸಿ ಅಂತ ಕೇಳ್ಬೇಕಿತ್ತು. ಅವರ ಬಾಯಿಗೆ ಯಾಕ್ರೀ ಬೀಗ ಜಡಿದ್ರಿ?"

ಮಗಳು ಸೆರಗಿನ ಅಂಚು ತಿರುವುತ್ತಾ ನಿಂತಳು.

"ಮೂವತ್ತು ವರ್ಷದೋರಿಗೆ ಸ್ಟ್ರೋಕ್ ಆದ್ರೆ ಇದೇ ಕಚೇರಿ ಒಂದು ವರ್ಷ ಪಾಠ ಕೊಡುತ್ತೆ, ಗೊತ್ತಾ? ಎಪ್ಪತ್ತೈದು ದಾಟಿದ್ರೆ ಎಂಟು. ಯಾಕೆ, ವಯಸ್ಸಾದವರಿಗೆ ಹೇಳೋದು ಕಮ್ಮಿ ಇರುತ್ತಾ? ನಾನು ಪ್ರತಿ ಸಲ ಈ ಜನರ ಹತ್ರ ಜಗಳ ಆಡಿ ಒಂದೊಂದು ಪಾಠ ಕಿತ್ಕೊಳ್ತೀನಿ. ನೀವು ಮನೇಲೇ ಕೂತು ಅವರ ಕೆಲಸ ಸುಲಭ ಮಾಡಿಕೊಟ್ರಿ."

ಬೈದು ಮುಗಿಸಿದ ಮೇಲೆ ಡ್ರಾಯರಿನಿಂದ ಒಂದು ಫಾರಂ ತೆಗೆದು ಮೇಜಿನ ಮೇಲೆ ಹಾಕಿದಳು. ಮೂವತ್ತು ದಿನದೊಳಗೆ ಮೇಲ್ಮನವಿ ಹಾಕಬಹುದು, ಹದಿನಾರು ದಿನ ಆಗಲೇ ಹೋಗಿದೆ ಅಂದಳು. ಆಮೇಲೆ ಒಂದು ಮಾತು ಸೇರಿಸಿದಳು: "ಸಮಿತಿ ಮುಂದೆ ಅಮ್ಮನೇ ಮಾತಾಡ್ಬೇಕು. ನೀವು ಬಾಯಿ ಬಿಡಬಾರದು. ಏನೇ ಆದ್ರೂ."

ಮಗಳು ತಾಯಿಗೆ ವಿಷಯ ತಿಳಿಸಿ, ಫಾರಂ ತುಂಬಿ ಕೊಟ್ಟಳು. ವಿಚಾರಣೆಯ ತಾರೀಕು ಬಂತು. ಮೂರನೇ ಮಹಡಿಯ ಕೋಣೆ. ಉದ್ದನೆಯ ಮೇಜಿನ ಆಚೆ ಕನ್ನಡಕದ ಅಧ್ಯಕ್ಷರು, ಒಬ್ಬ ಡಾಕ್ಟರಮ್ಮ, ಬರೆದುಕೊಳ್ಳಲು ಒಬ್ಬ ಗುಮಾಸ್ತ. ಈಚೆ ತಾಯಿ, ಮಗಳು, ಟೀಚರ್. ಅಧ್ಯಕ್ಷರು ಮೊದಲು ಮಗಳನ್ನೇ ನೋಡಿ, "ಹೇಳಿ," ಅಂದರು. ಮಗಳು ತಾಯಿಯ ಕಡೆ ಕೈ ತೋರಿಸಿದಳು.

"ಸರಿ. ಅಮ್ಮ, ಈ ಪಾಠ ನಿಮಗೆ ಯಾಕೆ ಬೇಕು?"

ತಾಯಿ ಬಾಯಿ ತೆರೆದರು. ಏನೂ ಬರಲಿಲ್ಲ. ಗಡಿಯಾರದ ಸೆಕೆಂಡ್ ಮುಳ್ಳು ಒಂದು ಸುತ್ತು ಹಾಕಿತು. ಗುಮಾಸ್ತ ಕೆಮ್ಮಿದ. ಮಗಳಿಗೆ ಮಾತು ಗೊತ್ತಿತ್ತು, ಗಂಟಲಿನವರೆಗೆ ಬಂದು ನಿಂತಿತ್ತು. ಮನೆಯಲ್ಲಿ ವಾರವಿಡೀ ತಾಯಿ ಅದನ್ನೇ ತಮ್ಮಷ್ಟಕ್ಕೆ ಅಭ್ಯಾಸ ಮಾಡುವುದನ್ನು ಗೋಡೆಯ ಈಚೆಯಿಂದ ಕೇಳಿಸಿಕೊಂಡಿದ್ದಳು. ಹಲ್ಲು ಕಚ್ಚಿ, ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. ಆರು ವರ್ಷ ಎತ್ತಿ ಕೂರಿಸಿದ್ದು, ಮೈ ತೊಳೆದದ್ದು, ಯಾವುದೂ ಅವಳಿಗೆ ಇಷ್ಟು ಭಾರ ಆಗಿರಲಿಲ್ಲ.

"ಹಲ್ಲು... ನೋವು," ಅಂದರು ತಾಯಿ. "ಇವಳು... ಹೊಟ್ಟೆ... ಅಂದ್ಲು." ಉಸಿರು ಎಳೆದುಕೊಂಡರು. "ನಾನು... ಹೇಳ್ದೆ. ಹಲ್ಲು. ನನ್ನ ನೋವು... ನಾನೇ... ಹೇಳ್ಬೇಕು."

ಡಾಕ್ಟರಮ್ಮ ಮುಂದಕ್ಕೆ ಬಾಗಿದರು. ಅಧ್ಯಕ್ಷರು ಕಡತ ತಿರುವಿದರು. "ಇಷ್ಟು ಮಾತಾಡ್ತಿದ್ದೀರಿ. ಮತ್ತೆ ಸುಧಾರಣೆ ಇಲ್ಲ ಅಂತ ಇಲ್ಲಿ ಯಾಕೆ ಬರೆದಿದೆ?"

ತಾಯಿ ನಿಧಾನವಾಗಿ ಮಗಳ ಕಡೆ ತಿರುಗಿದರು. ಈಗ ಆ ಮಾತು ಬರುತ್ತದೆ, 'ಸುಳ್ಳು', ಎಲ್ಲರೆದುರು. ಬರಲಿ ಅಂದುಕೊಂಡಳು ಮಗಳು.

"ಹೊಟ್ಟೆ..." ಅಂದರು ತಾಯಿ. "ಹೊಟ್ಟೆ... ಕಿಚ್ಚು."

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು. "ಹೊಟ್ಟೇಲಿ ಉರೀನಾ? ಆವತ್ತು ಆರೋಗ್ಯ ಸರಿಯಿರಲಿಲ್ವಾ?"

"ಗ್ಯಾಸ್ ಟ್ರಬಲ್ ಅಂತ ಬರ್ಕೊಳ್ಳಲಾ ಸಾರ್?" ಅಂದ ಗುಮಾಸ್ತ.

ಟೀಚರ್ ಬಗ್ಗಿ ತನ್ನ ಚೀಲದಲ್ಲಿ ಏನನ್ನೋ ಹುಡುಕತೊಡಗಿದಳು. ಅವಳ ಭುಜ ಕುಲುಕುತ್ತಿತ್ತು. ತಾಯಿ ಮಗಳನ್ನೇ ನೋಡುತ್ತಿದ್ದರು. ಇಷ್ಟು ದಿನ ತಾಯಿಗೆ ಕಾಣಿಸಿದ್ದು ಸುಳ್ಳು ಮಾತ್ರ ಅಂದುಕೊಂಡಿದ್ದಳು ಮಗಳು. ಸುಳ್ಳಿನ ಬೇರನ್ನೂ ಅವರು ನೋಡಿದ್ದರು. ಎಷ್ಟು ದಿನದಿಂದ? ಬಹುಶಃ ಮೊದಲ 'ಹಲೋ' ದಿನದಿಂದಲೇ.

ಬಾಯಿ ಬಿಡಬೇಡಿ ಅಂದಿದ್ದಳು ಟೀಚರ್. ಆದರೆ ಇದು ತಾಯಿಯ ಮಾತಾಗಿರಲಿಲ್ಲ, ಅವಳದೇ ಮಾತು.

"ಹೊಟ್ಟೆಕಿಚ್ಚು ಅವರಿಗಲ್ಲ ಸಾರ್," ಅಂದಳು ಮಗಳು. "ನನಗೆ. ಇವರು ಟೀಚರ್ ಜೊತೆ ಮಾತಾಡಿದ್ದು ನನಗೆ ಸಹಿಸೋಕಾಗಲಿಲ್ಲ. ಪರಿಶೀಲನೆಗೆ ಬಂದವರ ಹತ್ರ ನಾನೇ ಸುಳ್ಳು ಹೇಳಿದೆ. ಇವರು ಸುಳ್ಳು ಅಂತ ಹೇಳೋಕೆ ಹೊರಟ್ರು, ನಾನು ಸುಸ್ತು ಅಂತ ತಿರುಚಿದೆ."

ಗುಮಾಸ್ತನ ಪೆನ್ನು ನಿಂತಿತು. ಡಾಕ್ಟರಮ್ಮ ಅಧ್ಯಕ್ಷರ ಕಡೆ ತಿರುಗಿದರು. "ನಮ್ಮೋರು ಅಮ್ಮನ ಮಾತಿಗೆ ಎಷ್ಟು ಹೊತ್ತು ಕಾದ್ರು ಅಂತ ಯಾರೂ ಕೇಳ್ತಿಲ್ಲವಲ್ಲ ಸಾರ್. ಇವರಿಗೆ ಒಂದು ನಿಮಿಷ ಬೇಕು. ಒಂದು ನಿಮಿಷ ಕೊಡದೆ ಮಗಳನ್ನ ಕೇಳಿ ಬರ್ಕೊಂಡು ಬಂದಿದ್ದಾರೆ. ವಯಸ್ಸಾಗಿದೆ ಅಂತ ತಾನೇ?"

ಅಧ್ಯಕ್ಷರು ಕಡತ ಮುಚ್ಚಿದರು. ಎರಡು ವಾರದ ಮೇಲೆ ಬಂದ ಆದೇಶದಲ್ಲಿ ಒಂದು ವರ್ಷದ ಪಾಠ ಮಂಜೂರಾಗಿತ್ತು. ಇನ್ನು ಮುಂದೆ ರೋಗಿಯನ್ನೇ, ಬೇಕಾದಷ್ಟು ಸಮಯ ಕೊಟ್ಟು ಮಾತಾಡಿಸಬೇಕು ಎಂದೂ ಒಂದು ಸಾಲು ಇತ್ತು. ಎಂಟು ಪಾಠದ ನಿಯಮ ಮಾತ್ರ ಹಾಗೆಯೇ ಉಳಿಯಿತು. ಟೀಚರ್ ಆ ಜಗಳವನ್ನು ಬೇರೆಯವರಿಗಾಗಿ ಈಗಲೂ ಆಡುತ್ತಿದ್ದಾಳೆ.

ತಾಯಿಗೆ ಮಾತು ಹೆಚ್ಚಾದಂತೆ ಮಗಳಿಗೆ ಸಿಕ್ಕಿದ್ದು ಬಹುಪಾಲು ದೂರುಗಳೇ. ಸಾರಿಗೆ ಉಪ್ಪು ಜಾಸ್ತಿ. ತಲೆ ಬಾಚುವಾಗ ಎಳೀತೀಯ. ಆರು ವರ್ಷ ಎಳೆದ 'ಹೂಂ' ಅಂದದ್ದು ಕಿಟಕಿ ತೆಗಿ ಅಂತಲ್ಲ, ಮುಚ್ಚು ಅಂತ! ಮಗಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೊಟ್ಟೆಕಿಚ್ಚು ಹೋಯಿತೆಂದೇನಲ್ಲ. ಟೀಚರಿನ ಶೂ ಮೆಟ್ಟಿಲ ಮೇಲೆ ಕಿರುಗುಟ್ಟಿದರೆ ಇವತ್ತಿಗೂ ಒಳಗೆ ಒಂದು ಸಣ್ಣ ಉರಿ ಏಳುತ್ತದೆ. ಅದಕ್ಕೇ ಅವಳು ಮಂಗಳವಾರ ಆ ಒಂದು ಗಂಟೆ ಮನೆಯಲ್ಲಿ ಇರುವುದನ್ನೇ ಬಿಟ್ಟಳು.

ಮೊದಲ ಸಲ ಹೊರಗೆ ಹೊರಟಾಗ ಎಲ್ಲಿಗೆ ಹೋಗುವುದೆಂದೇ ತೋಚಲಿಲ್ಲ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಳು. ನಾಲ್ಕು ಬಸ್ಸು ಬಂದು ಹೋದವು. ಪಕ್ಕದಲ್ಲಿ ಕೂತ ಹೆಂಗಸೊಬ್ಬಳು ತನ್ನ ರವಿಕೆಯ ತೋಳು ಬಿಗಿ ಅಂತ ಅಂದಳು. ಇಬ್ಬರೂ ತೋಳಿನ ಕಟಿಂಗಿನ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಅಷ್ಟೂ ಹೊತ್ತು ಮಗಳು ಯಾರ ಪರವಾಗಿಯೂ ಮಾತಾಡಲಿಲ್ಲ.

ಮನೆಗೆ ಬಂದಾಗ ಟೀಚರ್ ಹೋಗಿಯಾಗಿತ್ತು. ತಾಯಿ ಕುರ್ಚಿಯಲ್ಲಿ ಬಾಗಿಲಿಗೆ ಮುಖ ಮಾಡಿ ಕೂತಿದ್ದರು.

"ಎಲ್ಲಿಗೆ... ಹೋಗಿದ್ದೆ?"

"ಇಲ್ಲೇ. ಬಸ್ ಸ್ಟಾಪಿನ ಹತ್ರ. ಸುಮ್ನೆ ಮಾತಾಡ್ತಾ ಕೂತಿದ್ದೆ."

ತಾಯಿಯ ಹುಬ್ಬು ಗಂಟಾಯಿತು. ಮುಂದಿನ ಮಾತಿಗೆ ಸ್ವಲ್ಪ ಹೊತ್ತೇ ಹಿಡಿಯಿತು. ಮಗಳು ಚಪ್ಪಲಿ ಬಿಟ್ಟು, ನೀರು ಕುಡಿದು, ಕಾದಳು.

"ಯಾರ... ಜೊತೆ?" ಅಂದರು ತಾಯಿ. ದನಿ ಸ್ವಲ್ಪ ಹುಳಿಯಾಗಿತ್ತು.

ಮಗಳು ಮಿಷನ್ನಿನ ಮುಂದೆ ಕೂತು, ಸೂಜಿಗೆ ದಾರ ಪೋಣಿಸಿಕೊಂಡಳು. ಉತ್ತರ ಕೊಡಲು ಅವಳಿಗೆ ಅವಸರವೇನೂ ಇರಲಿಲ್ಲ.